ಹಿಡಿಯದೆ ಹೋದ ಬ್ರೇಕು

ಬ್ರೆಡ್ಡು ಮಾರುವವರ ಸೈಕಲ್ಲು ಇಳಿಜಾರಿನ ಕೊನೆಯ ಗೋಡೆಗೆ ಗುದ್ದಿ ಬಿದ್ದಿತ್ತು. ಅದಕ್ಕೆ ಕೂರಿಸಿದ್ದ ಪುಟ್ಟ ಮೋಟಾರು ಇನ್ನೂ ಬಿಸಿ. ಬ್ರೆಡ್ಡಿನವರು ಆಸ್ಪತ್ರೆ ಸೇರಿದ್ದರು — ಪ್ರಜ್ಞೆ ಬಂದಿರಲಿಲ್ಲ.

ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು ಅದು. ಹಿಂದಿನ ಚಕ್ರದ ಹೊಟ್ಟೆಯೊಳಗಿರುತ್ತದೆ. ಇನ್‌ಸ್ಪೆಕ್ಟರು ಅಲ್ಲೇ ಬಿಚ್ಚಿಸಿದರು. ಒಳಗೆಲ್ಲ ಗ್ರೀಸು! ಲೋಹದ ಮೇಲೆ ಗರಗಸದ ಗೀರು!

“ನಿನ್ನೆ ಇದನ್ನ ರಿಪೇರಿ ಮಾಡಿದ್ದು ಯಾರು?”

“ನಾನೇ,” ಎಂದರು ಸೈಕಲ್ ಅಂಗಡಿಯ ನಮ್ಮ ಮಾವ.

“ಬ್ರೇಕಿಗೆ ಯಾರಾದ್ರೂ ಗ್ರೀಸು ಹಚ್ತಾರೇನ್ರೀ? ಸಾಲದು ಅಂತ ಕೊಯ್ದೂ ಇದ್ದೀರ!”

“ಮೋಟಾರು ಬಂದ್ಮೇಲೆ ವೇಗ ಜಾಸ್ತಿ, ಬ್ರೇಕು ಕಾಯುತ್ತೆ ಸಾರ್. ಅದಕ್ಕೇ ಬಿಸಿ ತಡೆಯೋ ಗ್ರೀಸು. ಗ್ರೀಸು ಸರಿದು ಲೋಹ ಕಚ್ಚಲಿ ಅಂತ ಆ ಗೀರು...”

“ಕಥೆ ಚೆನ್ನಾಗಿದೆ. ಉಳಿದದ್ದು ಸ್ಟೇಷನ್ನಿನಲ್ಲಿ.”

ಇನ್‌ಸ್ಪೆಕ್ಟರು ಮಾವನ ತೋಳು ಹಿಡಿದರು. ಆದರೆ ಹೊಲಿಗೆ ಯಂತ್ರ ರಿಪೇರಿ ಮಾಡುವ ಅತ್ತೆ — ಬೀದಿಯವರ ಬಾಯಲ್ಲಿ ‘ಸೂಜಿಗಣ್ಣಮ್ಮ’ — ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತುಬಿಟ್ಟಿದ್ದಳು.

“ಬ್ರೇಕಿನಿಂದ ಹೊರಗೆ ಚಾಚಿರೋ ಈ ತೋಳನ್ನ ಫ್ರೇಮಿಗೆ ಬಿಗಿಯೋ ಪಟ್ಟಿ ಎಲ್ಲಿ?”

“ಬಿದ್ದ ಏಟಿಗೆ ಕಿತ್ತುಹೋಗಿದೆ,” ಎಂದರು ಇನ್‌ಸ್ಪೆಕ್ಟರು.

ಅತ್ತೆ ಗುಂಪಿನಲ್ಲಿ ನಿಂತಿದ್ದ ಬ್ರೆಡ್ಡಿನವರ ಭಾವಮೈದುನನತ್ತ ತಿರುಗಿದಳು. “ಫ್ರೇಮಿಗೆ ಈ ಹೊಸ ಹಸಿರು ಬಣ್ಣ ಬಳಿದದ್ದು ಯಾರಪ್ಪ?”

“ನಾನೇ. ನಿನ್ನೆ ಸಂಜೆ ಅಂಗಡಿಯಿಂದ ಬಂದ್ಮೇಲೆ ಬಳಿದೆ. ಭಾವನಿಗೆ ಖುಷಿಯಾಗ್ಲಿ ಅಂತ.”

“ಆಗ ಪಟ್ಟಿ ಇತ್ತಾ?”

“ಇತ್ತು. ನಾನು ಮುಟ್ಟಿಲ್ಲ.”

“ಮುಟ್ಟಿಲ್ವಾ? ಹಾಗಿದ್ರೆ ಪಟ್ಟಿಯ ಅಡಿಯಲ್ಲಿ ಹಳೇ ಕಪ್ಪು ಬಣ್ಣ ಉಳೀಬೇಕಿತ್ತು. ಏಟಿಗೆ ಕಿತ್ತಿದ್ರೆ ಗೀರಾದ್ರೂ ಇರಬೇಕಿತ್ತು. ನೋಡಿ ಸಾರ್ — ಒಂದೇ ಸಮ ಹಸಿರು. ತೋಳು ಫ್ರೇಮಿಗೆ ಬಿಗಿದಿದ್ರೆ ತಾನೆ ಬ್ರೇಕು ಚಕ್ರ ಹಿಡಿಯೋದು? ಇಲ್ಲದಿದ್ರೆ ತೋಳೇ ಸುತ್ತುತ್ತೆ, ಚಕ್ರ ನಿಲ್ಲಲ್ಲ. ಬಿಚ್ಚಿದವನು ಇವನೇ.”

ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿರುತ್ತಿತ್ತು. ಈ ಬ್ರೇಕಿನ ಪ್ರಾಣ ಬೆರಳುದ್ದದ ತಗಡಿನ ಪಟ್ಟಿಯಲ್ಲಿತ್ತು — ಭಾವಮೈದುನನ ಜೇಬಿನಿಂದ ಅದು ಹೊರಬಂತು.

“ಪಟ್ಟಿ ಸುಮ್ನೆ ಆಸರೆಗೆ ಇರೋದು ಅಂದ್ಕೊಂಡೆ. ಬಣ್ಣ ಹಸಿ ಇತ್ತು, ಬೆಳಿಗ್ಗೆ ಹಾಕೋಣ ಅಂತ... ಏಳೋಷ್ಟರಲ್ಲಿ ಭಾವ ಹೊರಟುಬಿಟ್ಟಿದ್ರು.”

“ಇವರು ನನ್ನ ಗಂಡನ ತೋಳು ಹಿಡಿದಾಗ ಯಾಕೆ ಹೇಳ್ಲಿಲ್ಲ? ಬಾಯಿಗೂ ಬಣ್ಣ ಬಳ್ಕೊಂಡಿದ್ಯಾ?”

ಇನ್‌ಸ್ಪೆಕ್ಟರು ಮಾವನನ್ನು ಬಿಟ್ಟು ಪಟ್ಟಿ ಈಸಿಕೊಂಡರು.

“ಸ್ಟೇಷನ್ನು ಆಮೇಲಾಗಲಿ ಸಾರ್,” ಎಂದಳು ಅತ್ತೆ. “ಇವನ ಅಕ್ಕ ಆಸ್ಪತ್ರೆ ಬಾಗಿಲಲ್ಲಿ ಕೂತು ನಮ್ಮನೆಯವರಿಗೆ ಹಿಡಿಶಾಪ ಹಾಕ್ತಿದ್ದಾಳೆ. ಮೊದಲು ಅವಳಿಗೆ ಹೇಳಲಿ.”

ಅವನು ತಾನಾಗಿಯೇ ಪೊಲೀಸ್ ಜೀಪಿನ ಬಾಗಿಲು ಹಿಡಿದುಕೊಂಡ.

“ಬೇಡ ಸಾರ್... ಸ್ಟೇಷನ್ನಿಗೇ ಕರ್ಕೊಂಡು ಹೋಗಿ.”