ಬೆಳಗುವ ಕಡಲಿಗೆ ದೀಪವಿಲ್ಲದೆ ಹೋದವರು

ಬಹಳ ಕಾಲದ ಹಿಂದೆ, ಮೂರು ಕಡೆ ಕಡಲು ಸುತ್ತಿದ ತೆರೆಗೋಡು ಎಂಬ ರಾಜ್ಯದಲ್ಲಿ ಗೂಢಾಕ್ಷನೆಂಬ ಮಾಂತ್ರಿಕನಿದ್ದ. ಅವನು ಯಾರ ಕಣ್ಣಿಗೂ ಕಾಣುತ್ತಿರಲಿಲ್ಲ. ಅಮಾವಾಸ್ಯೆಗೊಬ್ಬರ ಕೊರಳು ಹಿಸುಕಿ ಅವರ ಉಳಿದ ಆಯುಷ್ಯವನ್ನು ತಾನು ಕುಡಿಯುತ್ತಿದ್ದ. ಯಾರ ಸರದಿಯೋ ಅವರ ಬಾಗಿಲ ಮೇಲೆ ಹಿಂದಿನ ದಿನ ಕಪ್ಪು ಕೈಗುರುತು ಮೂಡುತ್ತಿತ್ತು. ರಾಜನಿಗೆ ಮೀಸೆ ದೊಡ್ಡದಿತ್ತು, ಅಷ್ಟೇ. ನೂರು ಪಂಜು ಕೊಟ್ಟು ನೂರು ಸೈನಿಕರನ್ನು ಕಳಿಸಿದ. ಬೆಳಿಗ್ಗೆ ಪಂಜುಗಳು ಸಿಕ್ಕವು, ಸೈನಿಕರು ಸಿಗಲಿಲ್ಲ. ಆಮೇಲೆ ಅವನು ಅರಮನೆಯ ಬಾಗಿಲು ಹಾಕಿಕೊಂಡು ಕೂತ.

ಒಂದು ಸಲ ಆ ಗುರುತು ಜಟ್ಟಿ ಎಂಬ ಮೀನುಗಾರನ ಬಾಗಿಲಿಗೆ ಬಿತ್ತು. ಅವನ ಹೆಂಡತಿ ಬೀರಮ್ಮ ಅಳಲಿಲ್ಲ. ಹೋದ ವರ್ಷ ಮಗಳನ್ನು ಜ್ವರಕ್ಕೆ ಕಳೆದುಕೊಂಡಾಗಲೇ ಅವಳ ಅಳು ಮುಗಿದುಹೋಗಿತ್ತು. ಈಗ ಅವಳಿಗೆ ಉಳಿದವನು ಇವನೊಬ್ಬನೇ.

"ಕಾಗೆಬಂಡೆ ಹತ್ರ ಕಡಲು ಬೆಳಗ್ತಿದೆ ಅಂದಿದ್ರಲ್ಲ, ಈಗಲೂ ಇದ್ಯಾ?" ಎಂದು ಕೇಳಿದಳು.

"ಇದೆ. ನಿನ್ನೆ ಬಲೆ ಬಿಟ್ಟಾಗ ಒಂದೊಂದು ಮೀನೂ ಕಾಣ್ತಿತ್ತು."

ಆ ನೀರಿನ ಗುಣವೇ ಹಾಗೆ. ಕಗ್ಗತ್ತಲಲ್ಲಿ ಅದರೊಳಗೆ ಏನು ಅಲುಗಿದರೂ ಸುತ್ತ ನೀಲಿ ಬೆಳಕು ಏಳುತ್ತದೆ, ಅಲುಗದಿದ್ದರೆ ಇಲ್ಲ. ಹತ್ತಿರ ಬೆಂಕಿಯಿದ್ದರೆ ಆ ಬೆಳಕು ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಆ ದಿನಗಳಲ್ಲಿ ಮೀನುಗಾರರು ದೋಣಿಯಲ್ಲಿ ಒಂದು ಹಣತೆಯನ್ನೂ ಹಚ್ಚುತ್ತಿರಲಿಲ್ಲ. ಪಂಜಿನವರಿಗೆ ಇದೆಲ್ಲ ಎಲ್ಲಿಂದ ಗೊತ್ತಾಗಬೇಕು?

"ಅವನಿಗೆ ರೂಪ ಇಲ್ದಿರಬಹುದು, ಮೈ ಇದೆಯಲ್ಲ. ನೀರಿಗೆ ಇಳಿಸೋಣ. ನೀವು ಅಲ್ಲಿ ನಿಂತ್ರೆ ಅವನೂ ಬರಲೇಬೇಕು" ಎಂದಳು ಬೀರಮ್ಮ.

ಜಟ್ಟಿ ಮೂಲೆಯಲ್ಲಿದ್ದ ಈಟಿಯನ್ನು ತೆಗೆದು ಅವಳ ಕೈಗೆ ಕೊಟ್ಟ. "ಇಬ್ಬರೂ ಅಲುಗಿದ್ರೆ ನೀನು ಈಟಿ ಯಾರಿಗೆ ಎಸೀತೀಯ ಮಾರಾಯ್ತಿ? ನಾನು ಅಲುಗೋದಿಲ್ಲ. ಅಲುಗಿದ್ದಕ್ಕೆ ಹೊಡಿ."

ಮರುದಿನ ಅಮಾವಾಸ್ಯೆ. ಕತ್ತಲಾದ ಮೇಲೆ ಇಬ್ಬರೂ ದೀಪವಿಲ್ಲದೆ ಹೊರಟರು. ಮೊದಲ ತಿರುವಿನಲ್ಲಿ ಒಂದು ಕರಡಿ ಪಂಜು ಹಿಡಿದು ನಿಂತಿತ್ತು. "ದಾರಿ ತುಂಬ ಮುಳ್ಳು, ಇದನ್ನು ತಗೊಳ್ಳಿ" ಎಂದಿತು. "ಬೇಡ, ಕತ್ತಲೇ ಇರಲಿ" ಎಂದಳು ಬೀರಮ್ಮ. ಅವಳ ಪಾದ ಹರಿದು ರಕ್ತ ಬಂತು. ಎರಡನೆಯ ತಿರುವಿನಲ್ಲಿ ಒಂದು ಹಾವು ಹೊಳೆಯುವ ಮಣಿ ಚಾಚಿ, "ಮುಂದೆ ಪ್ರಪಾತ, ಇದನ್ನು ತಗೊಳ್ಳಿ" ಎಂದಿತು. "ಬೇಡ, ಕತ್ತಲೇ ಇರಲಿ" ಎಂದಳು. ಅಂಗೈಯಲ್ಲಿ ತಡವುತ್ತ ತೆವಳಿಕೊಂಡು ದಾಟಿದರು.

ಮೂರನೆಯ ತಿರುವಿನಲ್ಲಿ ಯಾರೂ ಇರಲಿಲ್ಲ. "ಅವ್ವಾ, ಕತ್ತಲು, ಹೆದರಿಕೆ ಆಗ್ತದೆ, ದೀಪ ಹಚ್ಚು" ಎಂಬ ದನಿ ಮಾತ್ರ ಬಂತು. ಅದು ಅವರ ಮಗಳ ದನಿ. ಬೀರಮ್ಮನ ಕೈ ಸೊಂಟದ ಚಕಮಕಿ ಕಲ್ಲಿಗೆ ಹೋಯಿತು. ಜಟ್ಟಿ ಆ ಕೈಯನ್ನು ಹಿಡಿದುಕೊಂಡ.

"ಅವಳಲ್ಲ ಬೀರಾ, ಇದೆಲ್ಲ ಅವನ ಮಾಟ."

"ಗೊತ್ತು" ಎಂದಳು. ಗೊತ್ತಿದ್ದೂ ಆ ದನಿಯನ್ನು ಬಿಟ್ಟು ನಡೆಯುವುದು ಎಷ್ಟು ಕಷ್ಟವೆಂದು ಹೆತ್ತವರೇ ಹೇಳಬೇಕು. "ಬೇಡ ಮಗಳೇ, ಕತ್ತಲೇ ಇರಲಿ" ಎಂದು ಹೆಜ್ಜೆ ಹಾಕಿದಳು.

ಕಾಗೆಬಂಡೆಯ ಕೆಳಗೆ ಜಟ್ಟಿ ಎದೆಮಟ್ಟ ನೀರಿಗಿಳಿದ. ಅವನ ಸುತ್ತ ನೀಲಿ ಬೆಳಕು ಎದ್ದಿತು, ಅವನು ನಿಂತ, ಬೆಳಕೂ ಆರಿತು. ಬೀರಮ್ಮ ಬಂಡೆಯ ಮೇಲೆ ಈಟಿ ಎತ್ತಿ ಕಾದಳು.

ದಡದಂಚಿನಲ್ಲಿ ಒಂದು ಹೆಜ್ಜೆ ಬೆಳಗಿತು. ಮತ್ತೊಂದು. ಮೇಲೆ ಯಾರೂ ಇಲ್ಲ. ಬೆಳಕು ಜಟ್ಟಿಯ ಹತ್ತಿರ ಹೋಗಿ ಅವನನ್ನು ನೀರಿನೊಳಕ್ಕೆ ಅದುಮಿತು. ಉದ್ದನೆಯ ಕೈಗಳು ಕಂಡವು, ಬಾಗಿದ ಬೆನ್ನು ಕಂಡಿತು. ಆ ಕೈಗಳ ನಡುವೆ ಒಂದು ಕಪ್ಪು ಆಕಾರ, ಅಲುಗದೆ. ಮಾಂತ್ರಿಕನ ತಲೆಗೇ ಹೊಡೆಯಬೇಕು, ಅದು ಇನ್ನೂ ನೀರಿನ ಮೇಲಿತ್ತು. ಬೀರಮ್ಮ ಉಸಿರು ಬಿಗಿಹಿಡಿದು ಕಾಯುತ್ತಲೇ ಇದ್ದಳು. ಕೊನೆಗೆ ಆಯುಷ್ಯ ಕುಡಿಯಲು ಮಾಂತ್ರಿಕ ಬಾಯಿ ತೆರೆದು ಬಗ್ಗಿದ. ತಲೆ ಬೆಳಗಿತು. ಈಟಿ ನೆಟ್ಟಿತು.

ಸತ್ತ ಮೇಲೆ ಗೂಢಾಕ್ಷ ಎಲ್ಲರಿಗೂ ಕಾಣುವಂತಾದ. ಒಣಮೀನಿನಷ್ಟು ಸೊರಗಿದ ಮುದುಕ.

"ಮುಗೀತು, ಇನ್ನು ಅಲುಗಿ" ಎಂದಳು ಬೀರಮ್ಮ, ನೀರಿಗೆ ಹಾರುತ್ತ. ಜಟ್ಟಿಯನ್ನು ಎತ್ತಿದಳು, ಅಲ್ಲಾಡಿಸಿದಳು. ಅವಳು ಅಲ್ಲಾಡಿಸಿದಷ್ಟೂ ಕಡಲು ಬೆಳಗಿತು, ಜಟ್ಟಿ ಮಾತ್ರ ಏಳಲಿಲ್ಲ. ಕೊರಳು ಹಿಸುಕುವಾಗಲೂ ಆ ಮನುಷ್ಯ ಒಂದು ಬೆರಳು ಅಲುಗಿಸದೆ ಮಾತು ಉಳಿಸಿಕೊಂಡಿದ್ದ.

ಆಮೇಲೆ ತೆರೆಗೋಡಿನಲ್ಲಿ ಯಾರೂ ಅಮಾವಾಸ್ಯೆಗೆ ಹೆದರಲಿಲ್ಲ. ಬೆಳಗುವ ಕಡಲನ್ನು ನೋಡಲು ದೂರದೂರದವರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದರು. ರಾಜ, ರಾಣಿ, ಪ್ರಜೆಗಳೆಲ್ಲ ಬಹುಕಾಲ ಸುಖವಾಗಿ ಬಾಳಿದರು. ಬೀರಮ್ಮನೂ ಬಹುಕಾಲ ಬಾಳಿದಳು.