ಹಸಿರು ಪಟ್ಟಿ

ಅಜ್ಜಿ ತೀರಿಕೊಂಡು ವಾರಗಳೇ ಕಳೆದರೂ ತನಗೆ ಅಳು ಬಂದಿಲ್ಲ ಎಂಬುದನ್ನು ನೀಲಾಂಬಿಕಾ ಆ ಬೆಳಿಗ್ಗೆ ಹಲ್ಲುಜ್ಜುತ್ತ ತನಗೆ ತಾನೇ ಒಪ್ಪಿಕೊಂಡಳು. ಕನ್ನಡಿಯಲ್ಲಿ ಅವಳ ತೋಳಿನ ಪಟ್ಟಿ ಹಸಿರಾಗಿ ಹೊಳೆಯುತ್ತಿತ್ತು.

ಹೆಬ್ಬೆರಳಗಲದ ಆ ಪಟ್ಟಿ ಬೆವರಿನ ರಾಸಾಯನಿಕಗಳನ್ನೂ ನಾಡಿಯನ್ನೂ ದನಿಯ ಏರಿಳಿತವನ್ನೂ ಓದುತ್ತಿತ್ತು. ಖಿನ್ನತೆಯೋ ಆತಂಕವೋ ತಾನೇ ನಿರ್ಧರಿಸಿ, ಬೇಕೆನಿಸಿದಷ್ಟು ಔಷಧವನ್ನು ಚರ್ಮದ ಮೂಲಕ ಒಳಗಿಳಿಸುತ್ತಿತ್ತು. ಮನಸ್ಸು ಕಲಕಿದರೆ ಹಳದಿ, ತಿಳಿಯಾದರೆ ಹಸಿರು. 2061ರ ಹೊತ್ತಿಗೆ ಧಾರವಾಡದ ಆ ಕಾಲೇಜಿನಲ್ಲಿ ಪಟ್ಟಿಯಿಲ್ಲದ ತೋಳೇ ಇರಲಿಲ್ಲ. ಮೊದಲ ವರ್ಷ ಹಾಸಿಗೆಯಿಂದ ಏಳಲಾಗದೆ ಬಿದ್ದುಕೊಂಡಿದ್ದ ನೀಲಾಳನ್ನು ಎಬ್ಬಿಸಿ ನಿಲ್ಲಿಸಿದ್ದು ಅದೇ. ಅದನ್ನು ಅವಳು ಮರೆತಿರಲಿಲ್ಲ.

ಅಜ್ಜಿಯ ಹೆಣದ ಸುತ್ತ ಕೂತ ಹೆಂಗಸರು ಒಬ್ಬೊಬ್ಬರಾಗಿ ಆಕೆಯ ಗುಣ ಹಾಡಿಕೊಂಡು ಅತ್ತಿದ್ದರು. ತನ್ನ ಸರದಿ ಬಂದಾಗ ನೀಲಾ ಹೂವಿನ ಹಾರದ ಗಂಟು ಸರಿಮಾಡಿದ್ದಳು, ಅಷ್ಟೇ. ಗಟ್ಟಿ ಹುಡುಗಿ ಎಂದು ಸೋದರತ್ತೆ ಬೆನ್ನು ಸವರಿದ್ದಳು.

ಈ ದಿನ ಪಟ್ಟಿಯನ್ನು ಕಂಡುಹಿಡಿದ ಡಾ. ಇಂದುಮತಿ ಹಂಚಿನಾಳ ಕಾಲೇಜಿಗೆ ಬಂದಿದ್ದರು. ಇಡೀ ಕಾಲೇಜಿನಲ್ಲಿ ವರ್ಷವಿಡೀ ಪಟ್ಟಿಯ ಹಸಿರು ಕದಲದವಳು ನೀಲಾ ಒಬ್ಬಳೇ. ಅವಳು ಒಪ್ಪಿದರೆ, ಅವಳ ಔಷಧದ ಪ್ರಮಾಣವನ್ನೇ ಮಾದರಿಯಾಗಿಟ್ಟು ಸೋಮವಾರದಿಂದ ಉಳಿದವರ ಪಟ್ಟಿಗಳನ್ನು ಹೊಂದಿಸುವುದಿತ್ತು. ಕೋಣೆಯ ಗೆಳತಿ ಫರ್ಹಾನಾಳದ್ದನ್ನೂ. ನಕ್ಕರೆ ಮೂಗಿನಿಂದ ಚಹಾ ಬರಿಸಿಕೊಳ್ಳುವ, ಸಿನಿಮಾ ನೋಡಿ ದುಪ್ಪಟ್ಟಾ ತೋಯಿಸುವ ಫರ್ಹಾನಾಳ ಪಟ್ಟಿ ಆಗಾಗ ಹಳದಿಗೆ ತಿರುಗುತ್ತಿತ್ತು.

"ಸೋಮವಾರದಿಂದ ನಾನೂ ನಿನ್ನಂಗ ಕಲ್ಲಗುಂಡ ಆಗ್ತೇನಿ ನೋಡವಾ," ಎಂದು ಅವಳು ಛೇಡಿಸಿದ್ದಳು. ನೀಲಾಗೆ ನಗು ಬರಬೇಕಿತ್ತು.

ನೀಲಾಳನ್ನು ಎದುರಿಗೆ ಕೂರಿಸಿಕೊಂಡು ಡಾಕ್ಟರು ತಮ್ಮ ಸ್ವಂತ ತಮ್ಮನ ವಿಷಯ ಹೇಳಿದರು. ಕೇಳಿದಾಗಲೆಲ್ಲ ಆರಾಮ ಎನ್ನುತ್ತಿದ್ದನಂತೆ. ಒಂದು ದಿನ ತಾನೇ ಪ್ರಾಣ ಕಳೆದುಕೊಂಡ. ಎಲ್ಲರೂ ಆರಾಮ ಎಂದೇ ಹೇಳುತ್ತಾರೆ, ಅದಕ್ಕೇ ಯಾರನ್ನೂ ಕೇಳಬೇಕಾಗದ ಯಂತ್ರ ಮಾಡಿದೆ ಎಂದರು. ಮೇಜಿನ ಮೇಲಿನ ಪರದೆಯಲ್ಲಿ ನೀಲಾಳ ವರ್ಷವೆಲ್ಲ ಒಂದೇ ನೇರ ಗೆರೆಯಾಗಿ ಮಲಗಿತ್ತು. ಅಜ್ಜಿ ಸತ್ತ ದಿನ ಯಾವುದೆಂದು ಅದರಲ್ಲಿ ಗುರುತಿಸುವಂತಿರಲಿಲ್ಲ.

ಒಪ್ಪಿಗೆಗೆ ಬೆರಳೊತ್ತಲು ಪರದೆಯನ್ನು ಮುಂದೆ ಸರಿಸುತ್ತ, ಊರಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ವಾಡಿಕೆಯಾಗಿ ವಿಚಾರಿಸುವ ರೀತಿಯಲ್ಲೇ, ಉತ್ತರಕ್ಕೆ ಕಾಯದೆ, ಡಾಕ್ಟರು ಕೇಳಿದರು:

"ಆರಾಮ ಅದಿಯಲ್ಲಾ ತಂಗಿ?"

ಆರಾಮ ಎಂಬ ಮಾತು ನೀಲಾಳ ತುಟಿಯವರೆಗೆ ಬಂದಿತ್ತು. ಅವಳು ಬೆರಳನ್ನು ಹಿಂದೆಗೆದುಕೊಂಡಳು. ಪಟ್ಟಿ ಹಸಿರಾಗಿಯೇ ಇತ್ತು.

"ಇಲ್ರೀ ಮೇಡಂ. ನಮ್ಮಜ್ಜಿ ತೀರಿಕೊಂಡ್ಲು. ನನಗ ಅಳೂನೂ ಬರವಲ್ದು."