ಎರಡನೆಯ ಸಲ ಕೇಳಿದ್ದರೆ...

"ಅತ್ತೆ, ಮಾಂಸ ಹಾಕಲಾ?"

ಸೊಸೆ ಮನ್‌ಲಿ ಕೇಳಿದ ದನಿ ಜೇನಿನಷ್ಟು ಸಿಹಿಯಾಗಿತ್ತು. ಬೆಳಗಿನಿಂದ ಒಲೆಯ ಮುಂದೆ ನಿಂತು, ಸಕ್ಕರೆ ಕರಗಿಸಿ, ಸೋಯಾ ರಸದಲ್ಲಿ ಹಂದಿಯ ಪಕ್ಕೆಲುಬುಗಳನ್ನು ಕೆಂಪಗೆ ಬೇಯಿಸಿದವಳು ಆ ಅತ್ತೆಯೇ, ಸೂಮೇ. ಚೀನಾದ ವೂಶಿ ಪಟ್ಟಣದಲ್ಲಿ ಹುಟ್ಟಿದ ಯಾರಿಗೆ ತಾನೇ ಆ ಪರಿಮಳಕ್ಕೆ ಬಾಯಲ್ಲಿ ನೀರೂರದು! ಆದರೆ ಕೇಳಿದ ಕೂಡಲೇ "ಹಾಕು" ಎನ್ನುವುದುಂಟೇ? ಹಾಗೆ ಬಟ್ಟಲು ಚಾಚುವವರನ್ನು ಹೊಟ್ಟೆಬಾಕರು ಎನ್ನುತ್ತಾರೆ. "ಬೇಡಮ್ಮಾ, ಹೊಟ್ಟೆ ತುಂಬಿದೆ. ನೀವು ತಿನ್ನಿ," ಎಂದು ಮುದುಕಿ ಬಟ್ಟಲಿನ ಮೇಲೆ ಕೈ ಅಡ್ಡ ಹಿಡಿದಳು. ಹಿಡಿದು, ಎರಡನೆಯ ಸಲ ಕೇಳಲೆಂದು ಕಾದಳು.

ಮನ್‌ಲಿ ಎರಡನೆಯ ಸಲ ಕೇಳಲಿಲ್ಲ. "ಸರಿ," ಎಂದಳು. ತಟ್ಟೆ ಮೇಜಿನ ಆ ತುದಿಗೆ ಹೋಯಿತು!

ಇದು ಒಂದು ದಿನದ ಮಾತಲ್ಲ. ಮನ್‌ಲಿ ಪಾಶ್ಚಾತ್ಯ ಶಿಷ್ಟಾಚಾರದ ತರಗತಿಗೆ ಸೇರಿದಂದಿನಿಂದ ಆ ಮನೆಯ ಊಟದ ಮೇಜು ಹೀಗೇ ನಡೆಯುತ್ತಿತ್ತು. "ಒಂದು ಸಲ ಬೇಡ ಅಂದ್ರೆ ಬೇಡ ಅಂತ ಅರ್ಥ, ಅತ್ತೆ. ಬಲವಂತ ಮಾಡೋದು ಅನಾಗರಿಕರ ಲಕ್ಷಣ," ಎಂದು ಅವಳು ಪಾಠ ಹೇಳುತ್ತಿದ್ದಳು. ಅಯ್ಯೋ, ಇವಳೇನು ಪ್ಯಾರಿಸ್ಸಿನಲ್ಲಿ ಹುಟ್ಟಿದವಳೇ? ಹಳೆಯ ರೇಷ್ಮೆ ಗಿರಣಿಯ ಹಿಂದಿನ ಓಣಿಯಲ್ಲಿ, ನೆಂಟರ ಬಾಯಿಗೆ ತುರುಕಿ ತುರುಕಿ ಉಣಿಸುವ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವಳು! ಮೊದಲ ಬೇಡಕ್ಕೆ ಏನು ಅರ್ಥವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ತಿಳಿಯದೆ ಮಾಡಿದ್ದರೆ ಕ್ಷಮಿಸಬಹುದಿತ್ತು. ತಿಳಿದೂ ತಿಳಿದೂ, ನಗುನಗುತ್ತ, ಮುದುಕಿಯೊಬ್ಬಳ ಹೊಟ್ಟೆಯ ಮೇಲೆ ಹೊಡೆಯುವ ಈ ನಯನಾಜೂಕನ್ನು ನೆನೆದರೆ ಮೈಯೆಲ್ಲ ಹೇಸಿಗೆಯಾಗುತ್ತದೆ.

ಒಮ್ಮೆ ಸೂಮೇ ತಾನು ಉಣ್ಣುತ್ತಿದ್ದ ಕಡ್ಡಿಗಳಿಂದಲೇ ಮೀನಿನ ಕೆನ್ನೆಯ ಮೆತ್ತನೆಯ ಮಾಂಸವನ್ನು ಬಿಡಿಸಿ ಮಗ ಯೋಂಗ್‌ಶಿನ್‌ನ ಬಟ್ಟಲಿಗೆ ಹಾಕಿದ್ದಳು. ಹುಟ್ಟಿದಾಗಿನಿಂದ ಅವನಿಗೆ ಹಾಗೇ ಹಾಕಿದವಳು. ಮನ್‌ಲಿ ಮೂಗು ಹಿಡಿದುಕೊಂಡು ಎದ್ದು, ಆ ಬಟ್ಟಲಿನ ಅನ್ನವನ್ನೆಲ್ಲ ಕಸದ ಬುಟ್ಟಿಗೆ ಸುರಿದಳು. "ಎಂಜಲು! ಥೂ, ಅಸಹ್ಯ!" ಮಗ ತಲೆ ಎತ್ತಲಿಲ್ಲ. "ಕಾಲ ಬದಲಾಗಿದೆಯಮ್ಮಾ," ಎಂದಷ್ಟೇ ಗೊಣಗಿದ. ಎಂಜಲಿಗೆ ಹೇಸಿದ ಆ ದಂಪತಿಗೆ ತಾಯಿಯ ಹಸಿವು ಮಾತ್ರ ಅಸಹ್ಯವೆನಿಸಲಿಲ್ಲ...

ಶರತ್ಕಾಲದ ಹುಣ್ಣಿಮೆ ಹಬ್ಬ ಬಂತು. ಕುನ್‌ಮಿಂಗ್‌ನಿಂದ ಮಗಳು ಹುಯಿಲಾನ್ ಗಂಡನೊಡನೆ ಬಂದಳು. ಗಂಡ ರುಲೋಫ್ ಹಾಲೆಂಡಿನವನು, ಕುನ್‌ಮಿಂಗ್‌ನಲ್ಲಿ ಗುಲಾಬಿ ಬೆಳೆಯುವವರ ಜೊತೆ ಕೆಲಸ ಮಾಡುತ್ತಿದ್ದ. ಮನ್‌ಲಿಗೆ ಹಿಗ್ಗೋ ಹಿಗ್ಗು! ತನ್ನ ತರಗತಿಯ ಗೆಳತಿಯರಿಬ್ಬರನ್ನು ಹಬ್ಬದ ಮಧ್ಯಾಹ್ನದ ಊಟಕ್ಕೆ ಕರೆದಳು. ಅಪ್ಪಟ ಯುರೋಪಿನವನೇ ಮನೆಯ ಅಳಿಯ ಎಂದರೆ ಸಾಮಾನ್ಯವೇ! ಚಾಕು, ಮುಳ್ಳುಚಮಚ, ಬಿಳಿಯ ಕರವಸ್ತ್ರ ಎಲ್ಲ ಮೇಜಿಗೆ ಬಂದವು.

ಪಾಪ, ರುಲೋಫನಿಗೂ ಈ ಮನೆಯ ರೀತಿ ಒಂದೇ ದಿನದಲ್ಲಿ ತಿಳಿದದ್ದಲ್ಲ. ಮದುವೆಯ ಹೊಸದರಲ್ಲಿ ಅವನು ಅತ್ತೆಗೆ "ಮೀನು ಬೇಕಾ ಅಮ್ಮಾ?" ಎಂದು ಕೇಳಿದ್ದ. ಅವಳು ಬೇಡ ಎಂದಳು. ಅವನು ನಂಬಿ ಇಡೀ ಮೀನನ್ನು ಒಬ್ಬನೇ ತಿಂದು ಮುಗಿಸಿದ! ಹುಯಿಲಾನ್ ಹೊಟ್ಟೆ ಹಿಡಿದುಕೊಂಡು ನಕ್ಕು, "ಅಯ್ಯೋ ದಡ್ಡ, ಎರಡು ಸಲ ಕೇಳ್ಬೇಕು ಕಣೋ! ಮೂರನೇ ಸಲ ಕೇಳ್ದೇನೇ ಹಾಕ್ಬಿಡ್ಬೇಕು," ಎಂದು ಕಲಿಸಿದ್ದಳು. ಅಂದಿನಿಂದ ಅವನು ಅದನ್ನು ಮರೆತವನಲ್ಲ.

ಊಟದ ನಡುವೆ ಅವನು ನೀರಿಗೆಂದು ಅಡುಗೆಮನೆಗೆ ಹೋದ. ಅಲ್ಲಿ ಕಂಡದ್ದೇನು! ಮೇಜಿನಿಂದ "ಇನ್ನೊಂದು ಭಕ್ಷ್ಯ ತರ್ತೀನಿ" ಎಂದು ಎದ್ದುಬಂದಿದ್ದ ಅತ್ತೆ, ಬಾಗಿಲಿಗೆ ಬೆನ್ನು ಮಾಡಿ, ಬಾಣಲೆಗೆ ಅಂಟಿದ ಕೆಂಪು ರಸವನ್ನು ತಣ್ಣನೆಯ ಅನ್ನದ ಉಂಡೆಯಿಂದ ಬಳಿದು ಬಳಿದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು... ಅವಸರದಲ್ಲಿ, ಕಳ್ಳಿಯ ಹಾಗೆ!

"ಅಮ್ಮಾ..."

ಸೂಮೇ ಬೆಚ್ಚಿ ತಿರುಗಿದಳು. ಗಲ್ಲಕ್ಕೆ ರಸ ಮೆತ್ತಿತ್ತು. "ಸುಮ್ನೆ ಉಪ್ಪು ನೋಡ್ತಿದ್ದೆ ಕಣಪ್ಪಾ. ಯಾರಿಗೂ ಹೇಳ್ಬೇಡ," ಎಂದಳು.

ರುಲೋಫ್ ಅವಳ ತೋಳು ಹಿಡಿದು ಮೇಜಿಗೆ ಕರೆತಂದು ಕೂರಿಸಿ, ಮಾಂಸದ ತಟ್ಟೆಯನ್ನು ಆ ತುದಿಯಿಂದ ಎಳೆದುಕೊಂಡ.

"ಅಮ್ಮಾ, ತಿನ್ನಿ."

"ಬೇಡಪ್ಪಾ, ನಂಗೆ ಸಾಕು."

"ಒಂದು ತುಂಡು?"

"ಬೇಡ ಬೇಡ, ನೀನು ತಿನ್ನು."

"ಬೇಡ ಅಂದ್ರಲ್ಲ, ರುಲೋಫ್!" ಎಂದು ಮನ್‌ಲಿ ಗೆಳತಿಯರ ಕಡೆ ನೋಡಿ ನಕ್ಕಳು. "ನಿಮ್ಮ ದೇಶದಲ್ಲಿ ಬಲವಂತ ಮಾಡೋದು ಅಸಭ್ಯ ಅಲ್ವಾ? ನಾವೂ ಈಗ ಹಾಗೇ ನಡ್ಕೊಳ್ಳೋದು."

ರುಲೋಫ್ ಮುಳ್ಳುಚಮಚ ಪಕ್ಕಕ್ಕಿಟ್ಟು, ತಾನು ಉಣ್ಣುತ್ತಿದ್ದ ಕಡ್ಡಿಗಳಿಂದಲೇ ಒಳ್ಳೊಳ್ಳೆಯ ತುಂಡುಗಳನ್ನು ಆರಿಸಿ ಅತ್ತೆಯ ಬಟ್ಟಲು ತುಂಬಿಸಿದ. ಮನ್‌ಲಿಯ ಮುಖ ಹುಳಿ ತಿಂದಂತಾಯಿತು.

"ನಮ್ಮೂರಲ್ಲಿ ಹಸಿವಾಗಿದ್ರೆ ಬೇಕು ಅಂತಾರೆ ಅಕ್ಕಾ. ಅದಕ್ಕೇ ಒಂದೇ ಸಲ ಕೇಳಿದ್ರೆ ಸಾಕು," ಎಂದ ಅವನು. "ಇಲ್ಲಿ ಹಸಿವಾಗಿದ್ರೂ ಬೇಡ ಅಂತಾರೆ. ಹೊರಗಿಂದ ಬಂದ ನಂಗೇ ಇದು ಗೊತ್ತು. ನಿಮಗೆ ಗೊತ್ತಿಲ್ವಾ? ಅಮ್ಮ ಒಳಗೆ ಬಾಣಲೆ ಬಳಿದು ತಿಂತಾ ಇದ್ರು!"

ಸೂಮೇ ಒಂದು ತುಂಡು ಬಾಯಿಗಿಟ್ಟಳು. ಕಣ್ಣೀರು ಬಟ್ಟಲಿಗೆ ಇಳಿಯಿತು. ಹುಯಿಲಾನ್ ಧಡಕ್ಕನೆ ಎದ್ದಳು.

"ಅಣ್ಣಾ! ನಿನ್ನ ಕಣ್ಣೆದುರಿಗೇ ಇದೆಲ್ಲಾ ನಡೀತಿತ್ತಾ? ಅಮ್ಮ ಮಾಡಿದ ಅಡುಗೇನೇ ಅಮ್ಮನಿಗೆ ಇಲ್ವಾ? ನಿನ್ನ ಗಂಟಲಲ್ಲಿ ಅದು ಹೇಗೋ ಇಳೀತು?"

ಯೋಂಗ್‌ಶಿನ್ ಕರವಸ್ತ್ರವನ್ನು ಮಡಿಸಿದ, ಬಿಡಿಸಿದ, ಮತ್ತೆ ಮಡಿಸಿದ. ಐವತ್ತು ತುಂಬಿದ ಗಂಡಸು! ಆ ಮೌನವನ್ನು ಕಂಡಾಗ ಮನ್‌ಲಿಯ ಮೇಲಿನ ಹೇಸಿಗೆಯೂ ಚಿಕ್ಕದೆನಿಸುತ್ತದೆ.

"ಅಮ್ಮಾ, ನಮ್ಮ ಜೊತೆ ಬಂದ್ಬಿಡು," ಎಂದಳು ಮಗಳು.

"ಬೇಡ ಕಣೇ. ನಿಮಗ್ಯಾಕೆ ತೊಂದ್ರೆ?"

"ಬಾಮ್ಮಾ..."

"ಅಳಿಯನ ಮನೇಲಿ ಹೋಗಿ ಕೂರೋಕಾಗುತ್ತೇನೇ? ಜನ ಏನಂತಾರೆ?"

ಮೂರನೆಯ ಸಲ ರುಲೋಫ್ ಕೇಳಲೇ ಇಲ್ಲ. ಅತ್ತೆಯ ಕೋಣೆಗೆ ಹೋಗಿ, ಅವಳ ಹತ್ತಿಯ ಕೋಟನ್ನು ತಂದು ಹೆಗಲಿಗೆ ಹೊದಿಸಿದ. ಸೂಮೇ ತೋಳು ತೂರಿಸಿದಳು.

ಈಗ ಮನ್‌ಲಿ ಗಾಬರಿಯಾದಳು. ಹಬ್ಬದ ದಿನ, ಗೆಳತಿಯರ ಎದುರಿಗೆ, ಅತ್ತೆ ಮನೆ ಬಿಟ್ಟು ಹೋದಳೆಂದರೆ ನಾಳೆ ಊರಿಗೆ ಮುಖ ತೋರಿಸುವುದು ಹೇಗೆ? ಓಡಿಬಂದು ಕೈ ಹಿಡಿದುಕೊಂಡಳು.

"ಅತ್ತೆ, ಹೋಗ್ಬೇಡಿ! ಇಲ್ಲೇ ಇರಿ ಅತ್ತೆ!"

"ಬೇಡ," ಎಂದಳು ಸೂಮೇ.

"ನನ್ನ ಮಾತು ಕೇಳಿ ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ..."

"ಬೇಡ ಅಂತ ಒಂದು ಸಲ ಹೇಳಿದ್ನಲ್ಲಮ್ಮಾ. ನೀನೇ ಕಲಿಸಿದ್ದು." ಮುದುಕಿಯ ದನಿಯಲ್ಲಿ ಕೋಪವಿರಲಿಲ್ಲ. ಅವಳು ಮೆಲ್ಲನೆ ಕೈ ಬಿಡಿಸಿಕೊಂಡಳು.

ಲಿಫ್ಟಿನ ಬಾಗಿಲು ತೆರೆದಾಗ ಹಿಂದಿನಿಂದ ಚಪ್ಪಲಿಯ ಸದ್ದು ಕೇಳಿಸಿತು. ಯೋಂಗ್‌ಶಿನ್! ಏದುಸಿರು ಬಿಡುತ್ತ ಓಡಿಬಂದಿದ್ದ. ಕೈಯಲ್ಲಿ ಒಂದು ಡಬ್ಬಿ. ಉಳಿದ ಮಾಂಸವನ್ನೆಲ್ಲ ತುಂಬಿ ತಂದಿದ್ದ. ತಾಯಿಯ ಮುಖ ಅರಳಿತು. ಎಷ್ಟಾದರೂ ಹೆತ್ತ ಮಗ... ಬಂದನಲ್ಲ!

"ಅಮ್ಮಾ, ದಾರಿಗೆ... ತಗೋ."

"ಬೇಡ ಕಂದಾ. ನೀನು ತಿನ್ನು," ಎಂದಳು ಸೂಮೇ. ಈ ಬೇಡ ಈಗಷ್ಟೇ ಮನ್‌ಲಿಗೆ ಹೇಳಿದ ಬೇಡದಂತಿರಲಿಲ್ಲ. ಕಣ್ಣು ಕೆಳಗಿತ್ತು, ದನಿ ಮೆತ್ತಗಿತ್ತು, ಬಲಗೈ ಆಗಲೇ ಡಬ್ಬಿಯ ಕಡೆಗೆ ಕೋಟಿನ ತೋಳಿನಿಂದ ಅರ್ಧ ಹೊರಗೆ ಬಂದಿತ್ತು. ಮುಚ್ಚಿಕೊಳ್ಳಲಿದ್ದ ಬಾಗಿಲಿಗೆ ರುಲೋಫ್ ಕಾಲು ಅಡ್ಡ ಇಟ್ಟ. ಹುಯಿಲಾನ್ ಅಣ್ಣನ ಮುಖವನ್ನೇ ನೋಡಿದಳು. ಇನ್ನೊಂದು ಸಲ ಕೇಳೋ ಅಣ್ಣಾ... ಒಂದೇ ಒಂದು ಸಲ!

ಯೋಂಗ್‌ಶಿನ್ ತಾಯಿಯನ್ನು ನೋಡಿದ. ಡಬ್ಬಿಯನ್ನು ನೋಡಿದ.

"ಸರಿ, ಅಮ್ಮಾ," ಎಂದು ಅದನ್ನು ಎದೆಗೆ ಹಿಂದೆಳೆದುಕೊಂಡ.

ರುಲೋಫ್ ಕಾಲು ತೆಗೆದ. ಲಿಫ್ಟು ಇಳಿಯತೊಡಗಿತು. ಹುಯಿಲಾನ್ ಅಳುತ್ತ ತಾಯಿಯ ಕೈ ಹಿಡಿದುಕೊಂಡಳು. ಸೂಮೇ ಆ ಬಲಗೈಯನ್ನು ಮೆಲ್ಲನೆ ಬಿಡಿಸಿ ತೋಳಿನೊಳಗೆ ಸರಿಸಿಕೊಂಡು, ಮಗಳಿಗೆ ಸಮಾಧಾನ ಹೇಳಿದಳು:

"ಹೋಗ್ಲಿ ಬಿಡೇ. ಚಿಕ್ಕಂದಿನಿಂದ ಅವನಿಗೆ ಅದು ಅಂದ್ರೆ ಪ್ರಾಣ. ತಿನ್ನಲಿ."